ಹೊರಗಿನವರ ಐಡಿಯಾ, ನನ್ನ ಪಾಯಿಂಟು

ಮಾನ ಹೋಗುವ ಪ್ರಸಂಗ ಕೆಲವರಿಗೆ ಜೀವಮಾನದಲ್ಲಿ ಒಂದೋ ಎರಡೋ. ನನಗೆ ಬಡ್ತಿಗೆ ಅರ್ಜಿ ಹಾಕಿದಾಗಲೆಲ್ಲ ತಪ್ಪದೆ ಬರುತ್ತದೆ. ಹಾಸನದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ಪಾಠ ಚೆನ್ನಾಗಿ ಮಾಡಿದರೆ ಬಡ್ತಿ ಸಿಗುವುದಿಲ್ಲ. ಸಂಶೋಧನಾ ಲೇಖನ ಬರೆಯಬೇಕು, ಅದಕ್ಕೆ ಪಾಯಿಂಟು ಬೀಳಬೇಕು, ಆ ಪಾಯಿಂಟನ್ನು ಸಂದರ್ಶನ ಸಮಿತಿ ಒಪ್ಪಬೇಕು. ಎರಡು ಸಲ ಪಾಯಿಂಟು ಸಾಲದೆ ಬರಿಗೈಲಿ ವಾಪಸ್ ಬಂದಿದ್ದೆ. ನನ್ನ ಹತ್ತಿರವೇ ಓದಿದವಳು ನನಗಿಂತ ಮೇಲಿನ ಕುರ್ಚಿಯಲ್ಲಿ ಕೂತು "ಬನ್ನಿ ಮೇಡಂ, ಕೂತ್ಕೊಳ್ಳಿ" ಎನ್ನತೊಡಗಿದ ಮೇಲೆ, ಮೂರನೇ ಸಲ ಏನಾದರೂ ಸರಿ, ಬಡ್ತಿ ತೆಗೆದುಕೊಂಡೇ ಬಿಡಬೇಕೆಂದು ಹಟ ಹಿಡಿದೆ. ಆ "ಏನಾದರೂ ಸರಿ"ಯಲ್ಲಿ ಏನೇನು ಸೇರಿಕೊಂಡಿತು ಎಂದು ಹೇಳಲು ಈಗಲೂ ನಾಚಿಕೆ.

ಕಂಪನಿಗಳು ಹೊರಗಿನವರ ಐಡಿಯಾಗಳನ್ನು ಹೇಗೆ ಒಳಗೆ ಬರಮಾಡಿಕೊಳ್ಳುತ್ತವೆ ಎಂಬುದು ನಾನು ಆರಿಸಿಕೊಂಡ ವಿಷಯ.

೧. ಡಬ್ಬ

ಮೊದಲು ಹಾಸನದಲ್ಲಿ ತೆಂಗಿನಕಾಯಿ ಸುಲಿಯುವ ಮಿಷಿನ್ನು ತಯಾರಿಸುವ ಒಂದು ಕಂಪನಿಗೆ ಹೋದೆ. ಒಳಗೆ ಬರಲು ಅನುಮತಿ ಕೋರಿ ಪತ್ರ ಬರೆದು ಗೇಟಿನ ಪಕ್ಕದ ಡಬ್ಬಕ್ಕೆ ಹಾಕಿ ಬಂದೆ. ಆರು ತಿಂಗಳಾದರೂ ಉತ್ತರವಿಲ್ಲ. ಸ್ಟಾಫ್ ರೂಮಿನಲ್ಲಿ ಬೈದಿದ್ದು ಸಾಲದೆ, "ನಮ್ಮ ಜಿಲ್ಲೆಯ ಕಂಪನಿಗಳು ಹೊರಗಿನವರಿಗೆ ಕಿವಿಗೊಡುವುದಿಲ್ಲ" ಎಂದು ಲೇಖನದ ಮೊದಲ ಪುಟದಲ್ಲೇ ಬರೆದುಬಿಟ್ಟೆ. ಕೊನೆಗೆ ನೇರವಾಗಿ ಮ್ಯಾನೇಜರ್ ಎದುರಿಗೇ ಹೋಗಿ ನಿಂತೆ.

"ಕಿವಿ ಕೊಡಲ್ಲ ಅಂತ ಯಾರು ಹೇಳಿದ್ದು ಮೇಡಂ? ಜನರ ಐಡಿಯಾಗೆ ಅಂತಲೇ ಗೇಟಲ್ಲಿ ಡಬ್ಬ ಇಟ್ಟಿದೀವಿ" ಎಂದು ಅವರು ಕರೆದುಕೊಂಡು ಹೋದರು. ಬೀಗದ ಕೈ ಸಿಗಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಒಳಗೆ ಒಂದು ಇರುವೆ ಗೂಡು, ಎರಡು ಮದುವೆ ಕರೆಯೋಲೆ, ನನ್ನ ಪತ್ರ.

ಡಬ್ಬದ ಮೇಲೆ ಅಂಗೈಯಗಲ ಅಕ್ಷರದಲ್ಲಿ "ನಿಮ್ಮ ಐಡಿಯಾ ಇಲ್ಲಿ ಹಾಕಿ" ಎಂದಿತ್ತು. ಅದೇ ವಿಷಯದ ಸಂಶೋಧಕಿ ಅದನ್ನು ಪೋಸ್ಟ್ ಡಬ್ಬ ಎಂದುಕೊಂಡಿದ್ದಳು! ನೆಲಕ್ಕೆ ಇಳಿದುಹೋಗಬಾರದೇ ಅನ್ನಿಸಿತು. ಮ್ಯಾನೇಜರ್ ಮಾತ್ರ ಪತ್ರ ಕೊಡವಿ, "ಬೇಜಾರು ಮಾಡ್ಕೋಬೇಡಿ ಮೇಡಂ, ಡಬ್ಬಕ್ಕೆ ಬಂದಿರೋ ಮೊದಲನೇ ಐಡಿಯಾನೇ ನಿಮ್ಮದು" ಎಂದರು.

೨. ಪೂರ್ತಿ ಒಪ್ಪುತ್ತೇನೆ

ಅರವತ್ತು ಪ್ರಶ್ನೆಗಳ ಹಾಳೆ ಹಿಡಿದು ಹೊಳೆನರಸೀಪುರದ ಅಕ್ಕಿ ಗಿರಣಿಗೆ ಹೋದೆ. ಪ್ರತಿ ಪ್ರಶ್ನೆಗೂ "ಪೂರ್ತಿ ಒಪ್ಪುತ್ತೇನೆ"ಯಿಂದ ಹಿಡಿದು "ಒಪ್ಪುವುದೇ ಇಲ್ಲ"ದವರೆಗೆ ಐದು ಮನೆ. ಗಿರಣಿ ಯಜಮಾನರು ಕನ್ನಡಕ ಹಾಕಿಕೊಂಡು, "ಯಾವ ಮನೇಗೆ ಟಿಕ್ ಆಕುದ್ರೆ ನಿಮ್ಗೆ ಅನುಕೂಲ ಏಳಿ ಮೇಡಂ" ಎಂದರು. ಮನಸ್ಸಿಗೆ ಬಂದದ್ದಕ್ಕೆ ಹಾಕಿ ಎಂದೆ. ಅರವತ್ತಕ್ಕೂ "ಪೂರ್ತಿ ಒಪ್ಪುತ್ತೇನೆ" ಹಾಕಿ ಕೊಟ್ಟರು.

"ಯಜಮಾನ್ರೇ, ಹೊರಗಿನವರ ಸಲಹೆ ಕೇಳ್ತೀನಿ ಅನ್ನೋದಕ್ಕೂ ಒಪ್ಪಿದ್ದೀರಿ, ಯಾರ ಸಲಹೆಯಂತೆಯೂ ನಡೆಯಲ್ಲ ಅನ್ನೋದಕ್ಕೂ ಒಪ್ಪಿದ್ದೀರಲ್ಲ?"

"ಎರಡೂ ದಿಟವೇಯ. ಕೇಳ್ತೀನಿ. ಕೇಳಿದ್ಮ್ಯಾಕೆ ಅಂಗೇ ನಡೀಬೇಕು ಅಂತ ರೂಲ್ಸ್ ಐತಾ?"

ಆ ಹಾಳೆಯನ್ನು ನಿಯತ್ತಾಗಿ ಪಕ್ಕಕ್ಕಿಡಬೇಕಿತ್ತು. ಇಟ್ಟರೆ ಹಾಳೆಗಳ ಸಂಖ್ಯೆ ಕಮ್ಮಿಯಾಗುತ್ತಿತ್ತು. ಹಾಗಾಗಿ ಲೇಖನದಲ್ಲಿ "ಈ ಭಾಗದ ಉದ್ಯಮಿಗಳ ಮನೋಭಾವ ಬಹಳ ಸಂಕೀರ್ಣವಾಗಿದೆ" ಎಂದು ಬರೆದೆ. ಓದಿದ ಪ್ರಿನ್ಸಿಪಾಲರು ಇದೊಂದು ಸಾಲು ನಿಜಕ್ಕೂ ಸ್ವಂತ ಚಿಂತನೆ ಎಂದು ಹೊಗಳಿದರು.

೩. ಮುಯ್ಯಿ

ಲೇಖನ ಬರೆದರೆ ಮುಗಿಯಲಿಲ್ಲ. ಬೇರೆಯವರು ತಮ್ಮ ಲೇಖನದಲ್ಲಿ ನಮ್ಮದನ್ನು ಉಲ್ಲೇಖಿಸಿದರೆ ಮತ್ತಷ್ಟು ಪಾಯಿಂಟು. ನನ್ನದನ್ನು ಓದಿದವರೇ ಇಲ್ಲ, ಉಲ್ಲೇಖಿಸುವವರು ಯಾರು? ಅರಕಲಗೂಡಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿಗೂ ಇದೇ ಸಂಕಟ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಮಾಡುತ್ತಾರಲ್ಲ, ಅವರು ನಮ್ಮನೆ ಮದುವೆಗೆ ಮಾಡಿದರೆ ನಾವು ಅವರ ಮನೆ ಮದುವೆಗೆ ಮಾಡುವುದು, ಹಾಗೆ ಮಾತಾಡಿಕೊಂಡೆವು. ಅವಳ ಮೀನಿನ ಲೇಖನದಲ್ಲಿ ನನ್ನ ಕಾಯಿ ಮಿಷಿನ್ನು ಬಂತು, ನನ್ನ ಕಾಯಿ ಮಿಷಿನ್ನಿನಲ್ಲಿ ಅವಳ ಹೇಮಾವತಿ ಹೊಳೆಯ ಮೀನು ಬಂತು.

ಕಾಲೇಜಿನ ಪರಿಶೀಲನೆಯಲ್ಲಿ ಪ್ರಿನ್ಸಿಪಾಲರು ಪೆನ್ನು ಅಲ್ಲೇ ಇಟ್ಟು ಕೇಳಿದರು, "ಮೀನಿನ ಉಸಿರಾಟಕ್ಕೂ ಕಂಪನಿಗೂ ಏನಮ್ಮ ಸಂಬಂಧ?"

"ಮೀನು ಹೊರಗಿನ ನೀರನ್ನ ಒಳಗೆ ತಗೊಂಡು, ಬೇಕಾದ್ದು ಇಟ್ಕೊಂಡು ಉಳಿದದ್ದು ಬಿಡುತ್ತೆ ಸರ್. ಕಂಪನಿಗಳೂ ಐಡಿಯಾನ ಹಾಗೇ ಮಾಡ್ತವೆ" ಎಂದೆ.

ಅವರು ಪೆನ್ನು ಮತ್ತೆ ಎತ್ತಿಕೊಂಡು, ಹಲವು ಶಾಸ್ತ್ರಗಳನ್ನು ಬೆಸೆದದ್ದಕ್ಕೆ ಎಂದು ಇನ್ನೆರಡು ಪಾಯಿಂಟು ಹಾಕಿದರು.

೪. ಬಾಚಣಿಗೆ

ಇಲ್ಲಿಯವರೆಗಿನದು ನಗುವಂಥದ್ದು. ಇನ್ನು ಮುಂದಿನದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರಿದ್ದಾರೆ. ಕಾಯಿ ಸುಲಿಯುವ ಮಿಷಿನ್ನಿನ ದೊಡ್ಡ ಕಾಟವೆಂದರೆ, ನಾರು ಹಲ್ಲುಗಳಿಗೆ ಸುತ್ತಿಕೊಂಡು ಮಿಷಿನ್ನು ನಿಂತೇ ಹೋಗುವುದು. ಹೆಂಡತಿ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಎಳೆದು ತೆಗೆಯುವುದನ್ನು ನೋಡಿ, ಇವರು ಹಳೇ ಗರಗಸದ ತುಂಡನ್ನು ಹಲ್ಲುಗಳ ಹಿಂದೆ ಬಾಚಣಿಗೆಯಂತೆ ಬೆಸೆದಿದ್ದರು. ನಾರು ತಾನೇ ಉದುರಿ ಬೀಳುತ್ತಿತ್ತು. ನಾನು ಮೂರು ಸಲ ಹೋದೆ. ಮೂರು ಸಲವೂ ಕೆಲಸ ನಿಲ್ಲಿಸಿ, ಟೀ ತರಿಸಿ, ಮೊದಲಿಂದ ಕೊನೆಯವರೆಗೆ ವಿವರಿಸಿದರು.

ಲೇಖನದಲ್ಲಿ ನಾನು ಬರೆದದ್ದು ಇಷ್ಟೇ: "ಒಬ್ಬ ಬಳಕೆದಾರರಲ್ಲಿ ಈ ಮಾರ್ಪಾಡು ಕಂಡುಬಂದಿತು." ಹೆಸರಿಲ್ಲ, ಊರಿಲ್ಲ. ಹೆಸರು ಹಾಕಿದರೆ ಕಂಡುಹಿಡಿದ ಪಾಯಿಂಟು ಅವರ ಪಾಲಾದೀತೆಂಬ ಅಳುಕು. ಕಂಪನಿಯವರು ಲೇಖನ ಓದಿ, ಬಾಚಣಿಗೆಯನ್ನು ಹೊಸ ಮಿಷಿನ್ನಿಗೆ ಹಾಕಿ, "ತಮ್ಮ ಅಮೂಲ್ಯ ಸಲಹೆಗಾಗಿ" ಎಂದು ನನಗೆ ಪ್ರಶಸ್ತಿಪತ್ರ ಕೊಟ್ಟರು. ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಅಷ್ಟಕ್ಕೂ ಬಿಡಲಿಲ್ಲ. ಸಂಶೋಧನೆಯಿಂದ ಜನಕ್ಕೆ ಉಪಯೋಗವಾಗಿದೆ ಎಂದು ಯಾರಾದರೂ ಬರೆದುಕೊಟ್ಟರೆ ಇನ್ನೂ ಪಾಯಿಂಟು. ನನಗೆ ಗೊತ್ತಿದ್ದ ಜನ ಒಬ್ಬರೇ! ಪತ್ರ ಟೈಪ್ ಮಾಡಿಸಿಕೊಂಡು ಹಿರೀಸಾವೆಗೇ ಹೋದೆ. "ಎರಡು ಸಲ ಪಾಯಿಂಟು ಸಾಲದೆ ಹೋಗಿದೆ, ಇದೊಂದು ಸಹಿ ಆದರೆ ಆಗುತ್ತೆ" ಎಂದೆ.

"ಏನ್ ಬರ್ದದೆ ಅವ್ವ ಇದ್ರಲ್ಲಿ?"

"ನನ್ನ ಸಂಶೋಧನೆಯಿಂದ ನಿಮಗೆ ಉಪಯೋಗ ಆಯ್ತು ಅಂತ."

ಅವರು ಕೈಯ ಮಸಿ ಒರೆಸಿಕೊಂಡು ನಗುತ್ತಾ, "ಆಗ್ಲಿ ತಕ್ಕ, ನಿಂಗ್ ಒಳ್ಳೇದಾಗಾದಾದ್ರೆ ಆಗ್ಲಿ" ಎಂದು ಸಹಿ ಹಾಕಿದರು.

೫. ಸ್ಪೀಕರ್ ಫೋನ್

ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷರು ಆ ಪತ್ರವನ್ನೇ ಎತ್ತಿಕೊಂಡರು. "ನಂಬರ್ ಇದೆಯಲ್ಲ, ಕೇಳಿಯೇ ಬಿಡೋಣ" ಎಂದು ಸ್ಪೀಕರಿಗೆ ಹಾಕಿ ಫೋನ್ ಮಾಡಿದರು.

"ಈ ಮೇಡಂ ಸಂಶೋಧನೆಯಿಂದ ನಿಮಗೇನು ಉಪಯೋಗ ಆಯ್ತು?"

"ಓ, ಪರೀಕ್ಸೆಯೋರಾ? ಸಾ, ಆಯಮ್ಮ ಮೂರ್ ಸಲ ಬಂದವ್ರೆ. ಮೂರ್ ಸಲೂ ಮೊದ್ಲಿಂದ ಏಳ್ಕೊಟ್ಟಿವ್ನಿ. ತಲೇಗೆ ಬ್ಯಾಗ ಅತ್ತಾಕಿಲ್ಲ, ಅದ್ ನಿಜ. ಆದ್ರೆ ಬಲು ಸ್ರದ್ಧೆ. ಆಗ್ಲೇ ಎರಡ್ ಸಲ ಫೇಲ್ ಮಾಡಿದ್ದೀರಂತೆ, ಈ ವಯಸ್ನಲ್ಲಿ ಇನ್ನೆಷ್ಟ್ ಸಲ ಕೂರ್ತಾರೆ? ಪಾಸ್ ಮಾಡ್ಬುಡಿ ಸಾ!"

ಸಮಿತಿಯ ಐದೂ ಜನ ಮೇಜು ನೋಡುತ್ತಾ ಕೂತರು. ಒಬ್ಬರ ಹೆಗಲು ಕುಲುಕುತ್ತಿತ್ತು. ಅಧ್ಯಕ್ಷರು ಫೋನ್ ಇಟ್ಟು ಮೆಲ್ಲಗೆ ಕೇಳಿದರು, "ಬಾಚಣಿಗೆ ಯಾರದಮ್ಮ?"

"ಅವರದೇ ಸರ್."

"ಲೇಖನದಲ್ಲಿ ಅವರ ಹೆಸರು?"

"ಇಲ್ಲ ಸರ್."

"ಮೀನಿನವರ ಹೆಸರಿದೆ" ಎಂದರು ಅಧ್ಯಕ್ಷರು.

ಲೇಖನವನ್ನು ನಾನೇ ವಾಪಸ್ ತೆಗೆದುಕೊಂಡೆ. ಪ್ರಶಸ್ತಿಪತ್ರವನ್ನು ಕಂಪನಿಗೆ ಹಿಂತಿರುಗಿಸಿ, ಬಾಚಣಿಗೆ ಮಾಡಿದವರ ಹೆಸರು, ಊರು, ಫೋನ್ ನಂಬರ್ ಬರೆದು ಮ್ಯಾನೇಜರ್ ಕೈಗೇ ಕೊಟ್ಟೆ. ಬಡ್ತಿ ಹೋಯಿತು. ಆ ಭಾನುವಾರ ಹಿರೀಸಾವೆಗೆ ಹೋಗಿ, ನಿಮ್ಮ ಕೆಲಸವನ್ನು ನನ್ನದೆಂದು ತೋರಿಸಿಕೊಂಡೆ, ತಪ್ಪಾಯಿತು ಎಂದು ಎಲ್ಲವನ್ನೂ ಹೇಳಿದೆ. ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂತು.

ಅವರು ಅಷ್ಟನ್ನೂ ಕೇಳಿಸಿಕೊಂಡರು. ಆಮೇಲೆ, "ಅಂಗಾರೆ ಈ ಸಲೂ ಫೇಲೇ?" ಎಂದರು.

ಹೌದೆಂದು ತಲೆಯಾಡಿಸಿದೆ.

"ಅಳ್ಬ್ಯಾಡ ಕಣವ್ವ. ನಂದೇ ತಪ್ಪು, ಬರೀ ಬಾಯಲ್ಲಿ ಏಳ್ದೆ" ಎನ್ನುತ್ತಾ ತಮ್ಮ ಕಪ್ಪು ಕನ್ನಡಕ ಬಿಚ್ಚಿ ನನ್ನ ಮೂಗಿಗೇರಿಸಿ, ವೆಲ್ಡಿಂಗ್ ಹಿಡಿಯನ್ನು ಕೈಗೆ ಕೊಟ್ಟರು. "ಬರ್ಕಳದು ಬ್ಯಾಡ. ಈ ಸಲ ನೀನೇ ಮಾಡು."