ಮಾಸ್ತರ ಹಲಗೆ ತಿರುವಿ ಓದಬೇಕು

ಆಟ ಆಡುವವರಿಗೆ ಆದ ಗಾಯ ವಾರದಲ್ಲಿ ಮಾಯುತ್ತದೆ. ಆಟದ ಬಗ್ಗೆ ಅಭಿಪ್ರಾಯ ಹೇಳುವವನ ಗಾಯ ಮಾತ್ರ ದಿನಾ ಬೆಳಿಗ್ಗೆ ಹೊಸದಾಗುತ್ತದೆ. ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಡ್ರಿಲ್ ಮಾಸ್ತರನಾಗಿದ್ದಾಗ ಇಂಥವು ನನಗೆ ಎಷ್ಟು ಆದವೆಂದರೆ, ಆಗದ ದಿನ ನನಗೇ ಹೊತ್ತು ಹೋಗುತ್ತಿರಲಿಲ್ಲ.

ಸೀಟಿ ಊದುವುದು ನನ್ನ ನೌಕರಿ. ಮನಸ್ಸಿದ್ದದ್ದು ಮಾತ್ರ ಬಸ್‌ಸ್ಟ್ಯಾಂಡಿನ ಎದುರಿನ ಚಹಾದ ಹೊಟೇಲಿನಲ್ಲಿ. ಅದರ ಗೋಡೆಗೆ ಒಂದು ಕರಿಹಲಗೆ ಇತ್ತು. ಮೊದಲ ಬಸ್ಸಿಗೆ ಬಂದ ಪೇಪರನ್ನು ಹಿಂದಿನ ಪುಟದಿಂದ ಓದಿ, ಹಲಗೆಯ ಮೇಲ್ಭಾಗದಲ್ಲಿ ಆಟದ ಸುದ್ದಿ ಬರೆಯುತ್ತಿದ್ದೆ. ಕೆಳಗೊಂದು ಗೆರೆ ಎಳೆದು ‘ನನ್ನ ಅಭಿಪ್ರಾಯ’. ಸುದ್ದಿ ಎರಡು ಸಾಲು, ಅಭಿಪ್ರಾಯ ಎಂಟು ಸಾಲು. ಕ್ರಿಕೆಟ್ಟು, ಹಾಕಿ, ಕುಸ್ತಿ, ಟೆನಿಸ್ಸು, ಯಾವುದನ್ನೂ ಬಿಟ್ಟವನಲ್ಲ. ಟೆನಿಸ್ಸಿನ ಬ್ಯಾಟನ್ನು ನಾನು ಇವತ್ತಿಗೂ ಕೈಯಲ್ಲಿ ಹಿಡಿದಿಲ್ಲ, ಅದು ಬೇರೆ ಮಾತು. ಓದಲು ನಿಂತವರು ಚಹಾ ಹೇಳುತ್ತಾರೆಂದು ಹೊಟೇಲಿನ ಸಾವಕಾರರು ಖಡುವಿನ, ಅಂದರೆ ಸೀಮೆಸುಣ್ಣದ, ಡಬ್ಬಿಯನ್ನು ತಾವೇ ತಂದಿಡುತ್ತಿದ್ದರು.

ಇನ್ನೂ ಹುಟ್ಟಿಲ್ಲ

ಒಮ್ಮೆ ಹೊರದೇಶದಲ್ಲಿ ಹಗಲು-ರಾತ್ರಿ ಕ್ರಿಕೆಟ್ ಪಂದ್ಯ. ನಮ್ಮವರು ಚೆನ್ನಾಗಿ ಆಡುತ್ತಿದ್ದಾಗಲೇ ನಮ್ಮ ಓಣಿಯ ಕರೆಂಟು ಹೋಯಿತು, ನಾನು ಮಲಗಿಬಿಟ್ಟೆ. ಬೆಳಿಗ್ಗೆ ಪೇಪರು ನೋಡಿದರೆ, ‘ಕೊನೆಯ ವರದಿ ಬಂದಾಗ ಒಂದು ವಿಕೆಟ್ಟಿಗೆ ನೂರಾ ಹತ್ತು.’ ನಮ್ಮೂರಿಗೆ ಬರುವ ಪೇಪರು ಪಂದ್ಯ ಮುಗಿಯುವ ಮೊದಲೇ ಅಚ್ಚಾಗಿ ಬಸ್ಸು ಹತ್ತಿರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೈ ಕೇಳಬೇಕಲ್ಲ! ‘ಗೆಲುವು ನಮ್ಮದೇ. ನನ್ನ ಅಭಿಪ್ರಾಯ: ಈ ತಂಡವನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ’ ಎಂದು ದಪ್ಪಗೆ ಬರೆದೆ.

ಬಸವನ ಬಾಗೇವಾಡಿಯ ಒಬ್ಬ ಬಳೆಗಾರ ಅಲ್ಲೇ ಚಹಾ ಕುಡಿಯುತ್ತಿದ್ದ. ಊರೂರಿನ ಸಂತೆಗೆ ಹೋಗುವ ಮನುಷ್ಯ, ಬಳೆಯ ಗಂಟಿನ ಜೊತೆ ರೇಡಿಯೋ ಯಾವಾಗಲೂ ಇರುತ್ತಿತ್ತು. ಹಲಗೆಯನ್ನು ಎರಡು ಸಲ ಓದಿ, ಬಸಿಯಲ್ಲಿದ್ದ ಚಹಾ ಮುಗಿಸಿ, ಶಾಂತವಾಗಿ ಹೇಳಿದ:

“ಹುಟ್ಟ್ಯಾರ್ರಿ ಮಾಸ್ತರ. ನಿನ್ನಿ ರಾತ್ರಿನ ಹುಟ್ಟ್ಯಾರ. ಹನ್ನೊಂದೂ ಮಂದಿ ಒಮ್ಮಿಗೇ.”

ಅರ್ಧ ಕೆಲಸ

ನಮ್ಮ ದೇಶದ ಹೆಣ್ಣುಮಗಳೊಬ್ಬಳು ಒಲಿಂಪಿಕ್ಸಿನಲ್ಲಿ ಭಾರ ಎತ್ತಿ ಕಂಚಿನ ಪದಕ ಗೆದ್ದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ಹಲಗೆಯ ತುಂಬ ಅವಳದೇ ಸುದ್ದಿ. ಮಾರ್ಕೆಟ್ ಯಾರ್ಡಿನ ಹಮಾಲನೊಬ್ಬ ಬಂದು ನಿಂತ. ಅವನ ಮಗಳು ನನ್ನ ಖೋ-ಖೋ ತಂಡದ ನಾಯಕಿ, ಹಾಗಾಗಿ ಸಲಿಗೆ ಹೆಚ್ಚು.

“ಎಷ್ಟ ಎತ್ತ್ಯಾಳ್ರಿ?”

“ನೂರಾ ಮೂವತ್ತು ಕಿಲೋ.”

“ನಾವು ದಿನಾ ನೂರ ಕಿಲೋದ ಚೀಲಾ ಎತ್ತತೇವಲ್ರಿ.”

“ಬೆನ್ನ ಮ್ಯಾಲ ಅಲ್ಲೋ. ತಲಿ ಮ್ಯಾಲ ಎತ್ತಿ ಹಿಡದು ಅಳಗಾಡದಂಗ ನಿಂದ್ರಬೇಕು.”

“ನಿಂತು?”

“ಆಮ್ಯಾಲ ಕೆಳಗ ಒಗೀಬೇಕು.”

“ಎಲ್ಲಿ?”

“ಅಲ್ಲೇ. ಎತ್ತಿದಲ್ಲೇ.”

ಅವನಿಗೆ ನಂಬಿಕೆಯೇ ಬರಲಿಲ್ಲ. “ಲಾರಿಗೆ ಹಾಕಂಗಿಲ್ಲೇನ್ರಿ?”

“ಅಲ್ಲಿ ಲಾರಿ ಎಲ್ಲಿ ಬರಬೇಕೋ ಮಾರಾಯ!”

ಹೆಗಲ ಮೇಲಿನ ವಸ್ತ್ರ ಜಾಡಿಸಿಕೊಂಡು ಅವನು ತೀರ್ಪು ಕೊಟ್ಟ: “ಹಂಗಾರ ಕಂಚು ಕೊಟ್ಟಿದ್ದ ಬರೋಬ್ಬರಿ ಐತ್ರಿ. ಅರ್ಧಾ ಕೆಲಸ ಅದು. ಲಾರಿಗೆ ಹಾಕಿದ್ರ ಬಂಗಾರದ್ದ ಕೊಡತಿದ್ರು.”

ಒಂದೇ ನಟ್ಟು

ಖೋ-ಖೋ ತಂಡವನ್ನು ಕರೆದುಕೊಂಡು ಮೋರಟಗಿಗೆ ಹೊರಟಿದ್ದೆ, ಅಲ್ಲಿಯ ಹುಡುಗಿಯರ ಜೊತೆ ಸುಮ್ಮನೆ ಒಂದು ಪಂದ್ಯ. ಸಿಂದಗಿಯಿಂದ ಜೀಪು ಹಿಡಿದೆವು. ಕಾರ್ ರೇಸಿನಲ್ಲಿ ನಾಲ್ಕೂ ಗಾಲಿಗಳನ್ನು ಏಳೆಂಟು ಸೆಕೆಂಡಿನಲ್ಲಿ ಬದಲಿಸುತ್ತಾರೆಂದು ಅವತ್ತು ಬೆಳಿಗ್ಗೆಯಷ್ಟೇ ಹಲಗೆಗೆ ಬರೆದು ಬಂದಿದ್ದೆ. ಅರ್ಧ ದಾರಿಯಲ್ಲಿ ಜೀಪು ಪಂಕ್ಚರಾಯಿತು. ಡ್ರೈವರು ಒಂದು ಗಾಲಿ ಬಿಚ್ಚಲು ಮುಕ್ಕಾಲು ತಾಸಿನಿಂದ ಗುದ್ದಾಡುತ್ತಿದ್ದ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಲ್ಲೋ ತಮ್ಮಾ, ರೇಸಿನ್ಯಾಗ ಏಳೆಂಟ ಸೆಕೆಂಡಿನ್ಯಾಗ ನಾಕೂ ಗಾಲಿ ಬದಲಿ ಮಾಡತಾರ.”

ಅವನು ತಲೆ ಎತ್ತಲಿಲ್ಲ. “ಅವರ ಗಾಲಿಗೆ ನಟ್ಟ ಎಷ್ಟಿರತಾವ್ರಿ?”

“ಒಂದೇ.”

“ನಮ್ಮ ಗಾಲಿಗೂ ಒಂದ ಉಳದೈತ್ರಿ ಸರ. ಆದ್ರ ಅದು ಬಿಚ್ಚವಲ್ದು.”

ಆ ಒಂದು ನಟ್ಟಿನ ಮೇಲೆಯೇ ಸಿಂದಗಿಯಿಂದ ಅಲ್ಲಿಯವರೆಗೆ ಹದಿನೈದು ಮಂದಿ ಬಂದಿದ್ದೆವು. ಮುಂದಿನ ದಾರಿಯನ್ನು ನಾವು ನಡೆದೇ ಮುಗಿಸಿದೆವು.

ಮುರಿಯದ ಜೋಡಿ

ಅಷ್ಟರಲ್ಲಿ ನನ್ನ ಅಭಿಪ್ರಾಯಗಳಿಗೆ ಒಂದು ಹೆಸರು ಬಂದಿತ್ತು. ಫುಟ್‌ಬಾಲಿನಲ್ಲಿ ಯಾವ ದೇಶ ವಿಶ್ವಕಪ್ ಗೆಲ್ಲುತ್ತದೆಂದು ಬರೆದೆನೋ ಆ ದೇಶದವರು ಬೇಗನೆ ಊರು ಸೇರುತ್ತಿದ್ದರು. ಹಾಕಿಯಲ್ಲಿ ನಮ್ಮವರನ್ನು ಹೊಗಳಿದರೆ ಮರುದಿನ ಹಲಗೆಯನ್ನು ನಾನೇ ಬೇಗ ಒರೆಸುತ್ತಿದ್ದೆ. ಟೆನಿಸ್ಸಿನ ನಮ್ಮ ಇಬ್ಬರು ಹುಡುಗರದು ‘ಯಾರಿಂದಲೂ ಮುರಿಯಲಾಗದ ಜೋಡಿ’ ಎಂದು ಬರೆದ ಮೇಲೆ ಅವರೂ ಬೇರೆ ಬೇರೆಯಾದರು. ಅವತ್ತಿನಿಂದ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಮಾತು: “ಮಾಸ್ತರ ಹಲಗಿ ತಿರುವಿ ಓದ್ರಿ, ಖರೇ ಸುದ್ದಿ ಸಿಗತೈತಿ.”

ನನಗೆ ಸಿಟ್ಟು ಬಂದು, ಇನ್ನು ಮೇಲೆ ಬರೆಯುವುದೇ ಇಲ್ಲ ಎಂದೆ. ಸಾವಕಾರರು ಗಾಬರಿಯಾಗಿ ಕೈ ಹಿಡಿದುಕೊಂಡರು.

“ಬರೀರಿ ಮಾಸ್ತರ, ಧಾರಾಳ ಬರೀರಿ. ನನ್ನ ಹೊಟೇಲ ಚಲೋ ಐತಿ ಅಂತ ಒಂದ ಬರೀಬ್ಯಾಡ್ರಿ.”

ಇಂಡಿಯವರು ಗೆಲ್ಲುತ್ತಾರೆ

ಆ ವರ್ಷವೇ ನಮ್ಮ ಹುಡುಗಿಯರು ಜಿಲ್ಲೆಯ ಖೋ-ಖೋ ಫೈನಲ್ ಮುಟ್ಟಿದರು. ಎದುರಿಗೆ ನಮ್ಮ ಜಿಲ್ಲೆಯದೇ ಇಂಡಿ ಎಂಬ ಊರಿನ ತಂಡ, ಆಟ ಬಿಜಾಪುರದಲ್ಲಿ. ಗೆದ್ದವರು ರೈಲು ಹತ್ತಿ ವಿಭಾಗದ ಆಟಕ್ಕೆ ಧಾರವಾಡಕ್ಕೆ ಹೋಗಬೇಕು. ನಮ್ಮ ಹನ್ನೆರಡು ಹುಡುಗಿಯರಲ್ಲಿ ಒಬ್ಬಳೂ ರೈಲು ಹತ್ತಿದವಳಲ್ಲ. ನಾಲ್ಕು ವರ್ಷ ಬೆಳಿಗ್ಗೆ ಸಂಜೆ ಅವರನ್ನು ಓಡಿಸಿದ್ದೆ. ಅವರು ಗೆದ್ದೇ ಗೆಲ್ಲುತ್ತಾರೆಂದು ನನಗೆ ಎದೆಯಲ್ಲಿ ಗಟ್ಟಿಯಾಗಿ ಅನ್ನಿಸಿತ್ತು. ಅದನ್ನೇ ಬರೆಯಲು ಖಡು ಎತ್ತಿದೆ.

“ಸರ್, ತಡೀರಿ!” ನಾಯಕಿ ಇಡೀ ತಂಡದ ಸಮೇತ ಹೊಟೇಲಿನ ಮುಂದೆ ನಿಂತಿದ್ದಳು. “ನಿಮ್ಮ ಕಾಲ ಬೀಳತೇವ್ರಿ. ನಾವು ಗೆಲ್ತೇವಂತ ಬರೀಬ್ಯಾಡ್ರಿ. ಸೋಲ್ತೇವಂತ ಬರೀರಿ.”

“ಯವ್ವಾ, ಇಷ್ಟ ವರ್ಷ ನನಗ ಅನಿಸಿದ್ದ ಬರದೇನಿ, ಸುಳ್ಳ ಹೆಂಗ ಬರೀಲಿ?”

“ಇಷ್ಟ ವರ್ಷ ಬರದದ್ದರಾಗ ಖರೇ ಯಾವುದಿತ್ರಿ ಸರ್?”

‘ಇಂಡಿಯವರು ಗೆಲ್ಲುತ್ತಾರೆ. ನಮ್ಮವರು ಸೋಲುವುದು ಖಚಿತ’ ಎಂದು ಬರೆದೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಬಿಜಾಪುರದ ಮೈದಾನದಲ್ಲಿ ಕಾಲಿಟ್ಟ ಕೂಡಲೇ ಇಂಡಿಯ ಡ್ರಿಲ್ ಟೀಚರು ನನ್ನ ಮೇಲೆಯೇ ಬಂದರು. ಅವರ ಹಿಂದೆ ಅವರ ಹುಡುಗಿಯರು, ಇಬ್ಬರ ಕಣ್ಣಲ್ಲಿ ನೀರು.

“ಏನ್ರಿ ಸರ, ನಮ್ಮ ಹುಡುಗ್ಯಾರು ನಿಮಗೇನ್ ಕೇಡ ಮಾಡಿದ್ರು? ನಾವು ಗೆಲ್ತೇವಂತ ಬರದೀರಂತ!”

ಬಾಗೇವಾಡಿಯ ಬಳೆಗಾರ ಹಿಂದಿನ ದಿನವೇ ಇಂಡಿಯ ಸಂತೆಗೆ ಹೋಗಿ, ಬಳೆಯ ಜೊತೆ ನನ್ನ ಅಭಿಪ್ರಾಯವನ್ನೂ ಹಂಚಿ ಬಂದಿದ್ದ. ಮುದ್ದೇಬಿಹಾಳ ಗೆಲ್ಲುತ್ತದೆಂದು ನಾನು ಎಲ್ಲರೆದುರು ಬಾಯಿಬಿಟ್ಟು ಹೇಳದೆ ತಮ್ಮ ತಂಡ ಇಳಿಯುವುದಿಲ್ಲ ಎಂದು ಟೀಚರು ಹಟ ಹಿಡಿದರು. ಹೇಳಿದರೆ ತಾವು ಮನೆಗೆ ಹೋಗುತ್ತೇವೆಂದು ನಮ್ಮ ಹುಡುಗಿಯರು ಎದ್ದು ನಿಂತರು. ಕೊನೆಗೆ ಅಂಪೈರು ಎರಡೂ ಕಡೆ ಕೇಳಿ ನ್ಯಾಯ ಹೇಳಿದರು:

“ಮಾಸ್ತರ, ಮೊದಲ ಬರದದ್ದ ಒರಸೀರಿ ಅಂತ ತಿಳೀತೇವಿ. ಆಟ ಮುಗಿಯೂತನಕಾ ನೀವು ಆ ಬೇವಿನ ಗಿಡದ ಕೆಳಗ ಈ ಕಡೆ ಬೆನ್ನ ಮಾಡಿ ಕುಂಡ್ರಬೇಕು. ಮಾತಾಡಬಾರದು. ಮನಸಿನ್ಯಾಗೂ ಏನೂ ಅನಕೋಬಾರದು.”

ನಾಲ್ಕು ವರ್ಷ ಕಾದ ಆಟವನ್ನು ನಾನು ಬೇವಿನ ಗಿಡದ ಬೊಡ್ಡೆ ನೋಡುತ್ತ ಕಳೆದೆ. ಹಿಂದಿನಿಂದ “ಖೋ! ಖೋ!” ಎನ್ನುವ ದನಿ, ಓಡುವ ಕಾಲುಗಳ ಸದ್ದು, ಮಂದಿಯ ಕೇಕೆ. ಯಾರ ಪರವೋ ತಿಳಿಯದು. ನಮ್ಮವರು ಗೆಲ್ಲಲಿ ಎಂದು ಮನಸ್ಸು ಅನ್ನಲು ಹೋದಾಗಲೆಲ್ಲ ಅದನ್ನು ಗದರಿಸಿ ಮಗ್ಗಿ ಹೇಳಿಕೊಂಡೆ. ಹತ್ತೊಂಬತ್ತರ ಮಗ್ಗಿಯನ್ನು ಮೂರನೆಯ ಸಲ ಹೇಳುವಾಗ ಕೊನೆಯ ಸೀಟಿ ಕೇಳಿಸಿತು. ತಿರುಗಲು ಧೈರ್ಯ ಬರಲಿಲ್ಲ. ಆಮೇಲೆ ಮಣ್ಣು ಹತ್ತಿದ ಎರಡು ಕೈಗಳು ನನ್ನ ಹೆಗಲು ಹಿಡಿದು ಅಲುಗಾಡಿಸಿದವು.

“ಸರ್, ಒಂದ ಪಾಯಿಂಟಿಲೆ ಗೆದ್ದಿವ್ರಿ! ಇನ್ನ ಈ ಕಡೆ ನೋಡ್ರಿ!”

ನೋಡಿದೆ. ಆದರೆ ಕಣ್ಣಲ್ಲಿ ನೀರು ತುಂಬಿ ಯಾರೂ ಸರಿಯಾಗಿ ಕಾಣಲಿಲ್ಲ. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಹಲಗೆಯ ಮುಂದೆ ಅರ್ಧ ಊರೇ ನೆರೆದಿತ್ತು. ಹಮಾಲ ಮಗಳ ಕೊರಳಿನ ಪದಕವನ್ನು ಹೊರಳಿಸಿ ನೋಡಿದ. “ಬಂಗಾರದ್ದೇನ್ರಿ ಮಾಸ್ತರ?”

“ಬಣ್ಣ ಬಂಗಾರದ್ದು.”

“ಹಂಗಾರ ಲಾರಿಗೆ ಹಾಕೇ ಬಂದಾಳ” ಎಂದು ಅವನು ಸುತ್ತಲಿನವರಿಗೆಲ್ಲ ಸಾರಿದ.

ಜನ್ಮದಲ್ಲಿ ಮೊದಲ ಸಲ ತಪ್ಪಾಗದ ಸುದ್ದಿ ಬರೆಯುವ ಸಂಭ್ರಮದಲ್ಲಿ ನಾನು ಖಡು ಎತ್ತಿದೆ. ಆಗ ನಾಯಕಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನು ನನ್ನ ಕೈಗಿಟ್ಟಳು. ಅದರಲ್ಲಿ ಸಾಲಾಗಿ ಊರುಗಳ ಹೆಸರು.

“ಇದೇನವ್ವಾ?”

“ಧಾರವಾಡಕ್ಕ ಬರೂ ತಂಡದ ಹೆಸರ್ರಿ ಸರ್. ಎಲ್ಲಾರೂ ಗೆಲ್ತಾರಂತ ಈಗ ಬರದಬಿಡ್ರಿ. ಒಬ್ಬರನ್ನೂ ಬಿಡಬ್ಯಾಡ್ರಿ.”

ಹಾಳೆ ನೋಡಿದೆ, ಹಲಗೆ ನೋಡಿದೆ. ಒಳಗಿನಿಂದ ಸಾವಕಾರರು ಕೂಗಿದರು:

“ಮಾಸ್ತರ, ಜಾಗಾ ಸಾಲಲಿಲ್ಲಂದ್ರ ಗ್ವಾಡಿ ಮ್ಯಾಲೂ ಬರೀರಿ!”