ಗುಟ್ಟಿನ ಉಪಕಾರ

ಶನಿವಾರ ಸಂಜೆಯ ಕ್ಲಾಸಿಗೆ ಮುಂಚೆ ಇನ್ನಾಸಪ್ಪ ಯಾರಿಗಾದರೂ ಒಂದು ಉಪಕಾರ ಮಾಡಬೇಕಿತ್ತು. ಉಪಕಾರ ಮಾಡುವುದು ಕಷ್ಟವಲ್ಲ. ಅದು ಯಾರಿಗೂ ಗೊತ್ತಾಗಬಾರದಿತ್ತು.

ಹೊಳೆನರಸೀಪುರದ ಚರ್ಚಿನ ಹಿಂದಿನ ಹಾಲಿನಲ್ಲಿ ಫಾದರ್ ಜ್ಞಾನಪ್ರಕಾಶ್ ದೊಡ್ಡವರಿಗೆ ಕ್ರೈಸ್ತ ವಿಶ್ವಾಸ ಮತ್ತು ದಿನನಿತ್ಯದ ಬದುಕಿನ ಬಗ್ಗೆ ಪಾಠ ಮಾಡುತ್ತಿದ್ದರು. ಅದನ್ನು ಮುಗಿಸದವರು ಯಾವ ಮಗುವಿಗೂ ಜ್ಞಾನತಂದೆಯಾಗುವ ಹಾಗಿಲ್ಲ ಎಂಬುದು ಅವರ ಕಟ್ಟಪ್ಪಣೆ. ಭಾನುವಾರ ಇನ್ನಾಸಪ್ಪನ ತಂಗಿಯ ಮೊಮ್ಮಗನಿಗೆ ಚರ್ಚಿನಲ್ಲಿ ಹೆಸರಿಟ್ಟು ಜ್ಞಾನಸ್ನಾನ; ಜ್ಞಾನತಂದೆಯಾಗಿ ನಿಲ್ಲಬೇಕಾದವನು ಇವನೇ. ಸ್ವಂತ ಮಕ್ಕಳಿಲ್ಲದ ಇನ್ನಾಸಪ್ಪ ಆ ಮಗುವನ್ನು ಎತ್ತಿಕೊಂಡು ನಿಲ್ಲುವುದಕ್ಕೆಂದೇ ಬಿಳಿ ಅಂಗಿ ಹೊಲಿಸಿಕೊಂಡಿದ್ದ.

"ಇದು ಕೊನೆಯ ಪಾಠ," ಎಂದಿದ್ದರು ಫಾದರ್. "ಮಾಡಿದ ಉಪಕಾರ ಇನ್ನೊಬ್ಬರಿಗೆ ಗೊತ್ತಾದರೆ ಲೆಕ್ಕಕ್ಕಿಲ್ಲ." ಅದರ ಹಿಂದಿನ ಪಾಠ, ಸುಳ್ಳು ಹೇಳಬಾರದು ಎಂಬುದು. ಅದೂ ಇನ್ನೂ ಜಾರಿಯಲ್ಲಿತ್ತು.

ಇನ್ನಾಸಪ್ಪ ಇದ್ದದ್ದು ಒಬ್ಬ ಕೆಮ್ಮಿದರೆ ಮೂರು ಮನೆಯವರು ಕಷಾಯ ಹೇಳುವ ಬೀದಿಯಲ್ಲಿ. ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು ನೋಡಿದರೆ, ಎದುರುಮನೆ ದೇವರಾಜುವಿನ ಬೈಕಿನ ಹಿಂದಿನ ಚಕ್ರ ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು. ಅವತ್ತು ಹಳ್ಳಿಮೈಸೂರಿನಲ್ಲಿ ದೇವರಾಜುವಿನ ನಾದಿನಿಯ ಮನೆ ಗೃಹಪ್ರವೇಶ. ಮುಂಜಾನೆಯೇ ಹೊರಡುತ್ತೇವೆಂದು ಅವನ ಹೆಂಡತಿ ರೂಪಶ್ರೀ ವಾರದಿಂದ ಹೇಳಿಕೊಂಡು ಓಡಾಡಿದ್ದಳು. ಬೈಕಿನ ಹ್ಯಾಂಡಲ್ ಲಾಕು ಕೆಟ್ಟು ವರ್ಷವಾಗಿತ್ತು. ಇನ್ನಾಸಪ್ಪ ಸದ್ದಾಗದಂತೆ ಸ್ಟ್ಯಾಂಡು ತೆಗೆದ.

ಗಾಳಿಯಿಲ್ಲದ ಬೈಕು ಮನೆ ಬಿಟ್ಟು ಬರಲೊಲ್ಲದ ಎಮ್ಮೆಯ ಹಾಗೆ ಹೆಜ್ಜೆಹೆಜ್ಜೆಗೂ ಜಗ್ಗಿತು. ಬಸ್ ಸ್ಟ್ಯಾಂಡಿನ ಪಂಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ನೋಡಿದ. "ಪಂಚರ್ರೇ ಆಗಿಲ್ಲ ಕಣಣ್ಣ. ಯಾರೋ ಬೇಕೂಂತ ಗಾಳಿ ಬುಟ್ಟವ್ರೆ."

ಯಾವನೋ ಕಿಡಿಗೇಡಿ ಇರಬೇಕು ಎಂದುಕೊಂಡ ಇನ್ನಾಸಪ್ಪನಿಗೆ ತನ್ನ ಉಪಕಾರದ ತೂಕ ಹೆಚ್ಚಿದಂತೆ ಕಂಡಿತು.

ಗಾಳಿ ತುಂಬಿಸಿ ಬೈಕು ತಳ್ಳಿಕೊಂಡು ಬೀದಿಯ ತಿರುವಿಗೆ ಬಂದಾಗ ಮೂಲೆಮನೆ ಕಾಮಾಕ್ಷಮ್ಮ ರಂಗೋಲಿ ಬಿಡುತ್ತಿದ್ದವಳು ತಲೆ ಎತ್ತಿದಳು.

"ಯಾಕ್ಲಾ ಇನ್ನಾಸಪ್ಪ, ದೇವರಾಜನ ಗಾಡಿ ನಿನ್ ಕೈಗೆಂಗ್ ಬಂತು?"

"ಅದನ್ನ ಏಳಂಗಿಲ್ಲ ಕಣಕ್ಕ."

"ಅವ್ನೇ ಕೊಟ್ನಾ?"

"ಇಲ್ಲ."

"ನೀನೇ ಕೇಳ್ದಾ?"

"ಇಲ್ಲ."

"ಅಂಗಾರೆ ಕದ್ದೆ ಅನ್ನು."

"ಅದೂ ಇಲ್ಲ ಕಣಕ್ಕ."

ಕಾಮಾಕ್ಷಮ್ಮ ರಂಗೋಲಿ ಬಟ್ಟಲು ಕೆಳಗಿಟ್ಟು ಬೀದಿಯನ್ನು ಎಬ್ಬಿಸಿದಳು. ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಜನ ಬಂದರು. ಒಬ್ಬ ಸ್ಟೇಷನ್ನಿಗೆ ಫೋನ್ ಮಾಡಲೇ ಎಂದ. ಇನ್ನೊಬ್ಬ, "ಕ್ಲಾಸು ಕ್ಲಾಸು ಅಂತ ಓಯ್ತಿದ್ದೆ, ಅಲ್ಲಿ ಇದ್ನೇ ಏಳ್ಕೊಡದಾ?" ಎಂದ. ಆ ಮಾತು ಇನ್ನಾಸಪ್ಪನಿಗೆ ನಾಟಿತು. ನಿಜ ಹೇಳಿಬಿಡಲು ಬಾಯಿ ತೆರೆದ. ಮಗುವಿನ ನೆನಪಾಗಿ ಮುಚ್ಚಿದ.

ಗಲಾಟೆಗೆ ದೇವರಾಜು ಹೊರಗೆ ಬಂದ. ಉಬ್ಬಿ ನಿಂತ ಚಕ್ರ ಕಂಡು ಅವನ ಮುಖ ಇಳಿಯಿತು. ಹಿಂದೆಯೇ ರೂಪಶ್ರೀ ರೇಷ್ಮೆ ಸೀರೆಯಲ್ಲಿ ಹೊಸ್ತಿಲಿಗೆ ಬಂದು ನಿಂತಳು. ದೇವರಾಜು ಚಕ್ರ ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ, "ನಾನೇ ಗಾಳಿ ಒಡಿಸ್ಕಂಡ್ ಬಾ ಅಂದಿದ್ದೆ. ಓಗ್ರಪ್ಪ ನಿಮ್ ನಿಮ್ ಕೆಲ್ಸಕ್ಕೆ," ಎಂದ.

ಅವನು ಹಾಗೆ ಯಾಕೆ ಹೇಳಿದನೋ ಇನ್ನಾಸಪ್ಪನಿಗೆ ತಿಳಿಯಲಿಲ್ಲ. ಆದರೆ ಬೀದಿಯವರ ಕಣ್ಣಿಗೆ ಅದು ಹೇಳಿ ಮಾಡಿಸಿದ ಕೆಲಸವಾಗಿ, ಉಪಕಾರ ಗುಟ್ಟಾಗಿಯೇ ಉಳಿದಿತ್ತು. ಅಷ್ಟು ಸಾಕು.

ಸಂಜೆ ಫಾದರ್, "ಮಾಡಿದವರು ಎದ್ದು ನಿಲ್ಲಿ. ಏನು ಮಾಡಿದಿರಿ ಅಂತ ಹೇಳುವುದು ಬೇಡ," ಎಂದರು. ಇನ್ನಾಸಪ್ಪ ಎದ್ದ. ಫಾದರ್ ಪ್ರಮಾಣಪತ್ರಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲಲ್ಲಿ ರೂಪಶ್ರೀ, ಕೈಯಲ್ಲಿ ಹೋಳಿಗೆ ಡಬ್ಬಿ.

"ಇನ್ನಾಸಪ್ಪಣ್ಣ, ಮುಹೂರ್ತಕ್ಕೆ ಸರ್‍ಯಾಗ್ ಓದ್ವಿ. ನಮ್ಮನೆಯೋರ್ಗೆ ಷಡ್ಡಕನ ಮನೆ ಮೆಟ್ಲು ತುಳಿಯೋಕೆ ಒಟ್ಟೆಕಿಚ್ಚು. ತಾವೇ ಗಾಳಿ ಬುಟ್ಟು ಮಲಿಕಂಡ್ರು, ಕಿಟಕೀಲಿ ನೋಡ್ದೆ. ನೀವು ತಳ್ಕಂಡ್ ಓದದ್ದೂ ನೋಡ್ದೆ. ಬೆಳಿಗ್ಗೆ ಬಾಯ್ ಬುಟ್ಟಿದ್ರೆ ಪಯಣವೇ ನಿಂತೋಗದು, ಅದ್ಕೇ ಸುಮ್ನಿದ್ದೆ. ಈಗ ನಿಮ್ಮನ್ನ ಕಳ್ಳ ಅಂದೋರ ಮನೆಗೆಲ್ಲಾ ಓಗಿ ಏಳ್ಬುಟ್ಟು ಬಂದಿದ್ದೀನಿ."

ಫಾದರ್ ಪೆನ್ನಿಗೆ ಮುಚ್ಚಳ ಹಾಕಿದರು. ಅವರ ಮುಖದಲ್ಲಿ ನಿಜವಾದ ದುಃಖವಿತ್ತು.

"ಇನ್ನಾಸಪ್ಪನವರೇ, ನಿಯಮ ನಿಯಮವೇ. ನಾಳೆ ಬೆಳಿಗ್ಗೆ ಚರ್ಚಿನ ಪೂಜೆಗೆ ಮುಂಚೆ ಇನ್ನೊಂದು ಮಾಡಿ ಬನ್ನಿ. ಗುಟ್ಟಾಗಿ."

ಇನ್ನಾಸಪ್ಪ ಹೋಳಿಗೆ ಡಬ್ಬಿ ಹಿಡಿದು ಬೀದಿಗೆ ತಿರುಗಿದ. ಅವನ ಮನೆ ಮುಂದೆ ಜನ ಸೇರಿದ್ದರು. ಒಬ್ಬನ ಕೈಯಲ್ಲಿ ಮಿಕ್ಸಿ, ಒಬ್ಬಳ ಕೈಯಲ್ಲಿ ಹಿಡಿ ಕಿತ್ತ ಕುಕ್ಕರ್. ಎಲ್ಲರಿಗಿಂತ ಮುಂದೆ ಕಾಮಾಕ್ಷಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಬಾರಪ್ಪ ಧರ್ಮರಾಯ," ಎಂದಳು ಅವಳು. "ನಮ್ ನಲ್ಲಿ ಸೋರ್ತದೆ. ನಿಂಗೆ ಯಾವಾಗ ಬುಡುವಾದ್ರೂ ಸರಿ, ನಾವೆಲ್ಲಾ ಎದ್ದೇ ಇರ್ತೀವಿ."