ಎಮ್ಮೆಯ ನಡುವೆ ಹಾದುಹೋಗುವ ಗೆರೆಯವರಿಗೆ ಒಂದು ಮನವಿ

ಮಾನ್ಯ ಗೆರೆಯವರೇ,

ತಮ್ಮ ಪಾದಗಳಿಗೆ ನಮಸ್ಕರಿಸಿ ಪತ್ರ ಆರಂಭಿಸಬೇಕೆಂಬ ಆಸೆಯಿದ್ದರೂ, ತಮಗೆ ಪಾದಗಳೇ ಇಲ್ಲದಿರುವುದರಿಂದಲೂ, ತಾವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೀರೆಂಬುದು ನನ್ನಂಥ ಬಡಪಾಯಿಗೆ ತಿಳಿಯದಿರುವುದರಿಂದಲೂ, ತಮ್ಮ ನಡುಭಾಗಕ್ಕೇ ಕೈಮುಗಿಯುತ್ತಿದ್ದೇನೆ. ತಮ್ಮನ್ನು ಅರಿಯದ ಓದುಗರಿಗೆ ಪರಿಚಯ ಹೇಳಿಬಿಡುವುದು ಮರ್ಯಾದೆ. ತಾವು ನಮ್ಮ ಕಂಪನಿಯ ಕ್ಯಾಬ್ ಆ್ಯಪ್‌ನ ನಕ್ಷೆಯಲ್ಲಿ ವಾಸವಾಗಿರುವ ನೀಲಿ ಗೆರೆ. ತಮ್ಮ ಒಳಗೆ ನಿಂತ ನೌಕರರನ್ನು ಕಾರು ಬಂದು ಕರೆದೊಯ್ಯುತ್ತದೆ. ಹೊರಗೆ ನಿಂತವರಿಗೆ ‘ಕ್ಷಮಿಸಿ, ಸೇವೆ ಲಭ್ಯವಿಲ್ಲ’ ಎಂಬ ಕೆಂಪು ಅಕ್ಷರಗಳು ಸಿಗುತ್ತವೆ.

ನಾನು ಬೆಳ್ಳಂದೂರಿನ ಕಚೇರಿಯೊಂದರ ಉದ್ಯೋಗಿ, ನನ್ನ ಯಜಮಾನರಾದ ವಿಶ್ರುತ್ ಅವರಿಗೆ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಾವಿದ್ದ ಬೆಳ್ಳಂದೂರಿನ ಒಂದು ಕೋಣೆಯ ಮನೆಯಲ್ಲಿ, ಓಡುವುದೆಂದರೆ ಫ್ರಿಜ್‌ನಿಂದ ವಾಷಿಂಗ್ ಮೆಷಿನ್‌ವರೆಗೆ ಹೋಗಿ ಬರುವುದು ಎಂದೇ ನಮ್ಮ ನಾಲ್ಕು ವರ್ಷದ ಮಗಳು ಸುಕೃತಿ ತಿಳಿದಿದ್ದಳು. ಅದನ್ನು ನೋಡಲಾರದೆ ಊರಾಚೆ ಹೋಗಲು ನಿರ್ಧರಿಸಿ, ಭಾನುವಾರಗಳನ್ನೆಲ್ಲ ಮನೆ ಹುಡುಕುವ ಪುಣ್ಯಕಾರ್ಯಕ್ಕೆ ಮುಡಿಪಿಟ್ಟೆವು. ಹೆಬ್ಬಗೋಡಿಯಲ್ಲಿ ನೋಡಿದ ಮನೆ ತಮ್ಮ ಒಳಗೇ ಇತ್ತು, ಆದರೆ ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದವರ ಒಗ್ಗರಣೆ ನಮ್ಮ ಸಾರಿಗೇ ಬೀಳುವಷ್ಟು ಆತ್ಮೀಯವಾಗಿತ್ತು. ಚಂದಾಪುರದ ಮಾಲೀಕರೊಬ್ಬರು ಮಕ್ಕಳಿದ್ದರೆ ಅಭ್ಯಂತರವಿಲ್ಲ, ಅವು ಸದ್ದು ಮಾಡಬಾರದು ಅಷ್ಟೇ ಎಂದರು. ಸುಕೃತಿ ಅವರಿಗೆ ಅಲ್ಲೇ, ಬೀದಿಯೆಲ್ಲ ಕೇಳುವಂತೆ, ಉತ್ತರ ಕೊಟ್ಟಳು. ಕೊನೆಗೆ ಚಂದಾಪುರ ದಾಟಿ ಹುಣಸೇಪಾಳ್ಯವೆಂಬ ಹಳ್ಳಿಯಲ್ಲಿ ಲಕ್ಷ್ಮಯ್ಯನವರ ಮನೆ ಸಿಕ್ಕಿತು. ಮುಂದೆ ಅಂಗಳ, ಅಂಗಳದಲ್ಲಿ ಸೀಬೆ ಮರ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಗುಂಡಮ್ಮನೆಂಬ ಎಮ್ಮೆ.

ಅಂದು ಬಿಸಿಲು ಜೋರಿತ್ತು. “ಇಲ್ ಬಂದ್ ನಿಂತ್ಕಳವ್ವ, ನೆಳ್ಳೈತೆ” ಎಂದು ಲಕ್ಷ್ಮಯ್ಯನವರು ನಮ್ಮನ್ನು ಕೊಟ್ಟಿಗೆಗೆ ಕರೆದು ಮಜ್ಜಿಗೆ ಕೊಟ್ಟರು. ಮಜ್ಜಿಗೆ ಕುಡಿಯುತ್ತಲೇ ಆ್ಯಪ್ ತೆರೆದೆ. ‘ಸೇವೆ ಲಭ್ಯವಿದೆ’ ಎಂದು ಅದು ಹಸಿರಾಗಿ ನಕ್ಕಿತು. ನಿಂತ ಕಾಲಲ್ಲೇ ಅಡ್ವಾನ್ಸ್ ಕೊಟ್ಟು ಬಂದೆವು. ಒಳ್ಳೆಯ ದಿನ ನೋಡಿ ಹೊಸ ಮನೆಯಲ್ಲಿ ಹಾಲುಕ್ಕಿಸಿದೆವು. ಹಾಲು ಉಕ್ಕಿತು, ಆ್ಯಪ್ ಕೆಂಪಾಯಿತು. ಹಾಲ್‌ನಲ್ಲಿ ಕೆಂಪು, ಕೋಣೆಯಲ್ಲಿ ಕೆಂಪು, ಸ್ಟೂಲು ಹತ್ತಿ ಅಟ್ಟದೊಳಗೆ ಕೈ ಚಾಚಿದರೂ ಕೆಂಪು. ನಾವು ನಮ್ಮ ಮನೆಯನ್ನು ನೋಡಲು ಹೋಗಿ, ಎಮ್ಮೆಯ ಮನೆಗೆ ಕ್ಯಾಬ್ ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಬಂದಿದ್ದೆವು.

ತಮ್ಮ ನಿಖರವಾದ ವಿಳಾಸವನ್ನು ಪತ್ತೆ ಹಚ್ಚಿದ ಕೀರ್ತಿ ನನ್ನ ಮಾವನವರಾದ ಉಪೇಂದ್ರ ಅವರಿಗೆ ಸಲ್ಲಬೇಕು. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಅವರು, ಮನೆಗೆ ತಂದ ಚಪಾತಿಯ ದಪ್ಪವನ್ನೂ ಸುಮ್ಮನೆ ಒಪ್ಪುವವರಲ್ಲ. ನನ್ನ ಫೋನನ್ನು ಆರತಿ ತಟ್ಟೆಯಂತೆ ಹಿಡಿದು ಹಿತ್ತಲೆಲ್ಲ ಸುತ್ತಿ, ಹಸಿರು ಕೆಂಪಾಗುವ ಕಡೆಯಲ್ಲೆಲ್ಲ ರಂಗೋಲಿ ಪುಡಿ ಉದುರಿಸಿದರು. ಆಗ ತಾವು ಸಂಪಿಗೆ ಗಿಡದ ಬುಡದಿಂದ ಹೊರಟು, ಕಲಗಚ್ಚಿನ ತೊಟ್ಟಿಯನ್ನು ಬಳಸಿ, ಗುಂಡಮ್ಮನ ಹೊಟ್ಟೆಯ ನಡುವೆ ಹಾದುಹೋಗಿರುವುದು ಬೆಳಕಿಗೆ ಬಂತು. ಆಕೆಯ ಕೊಂಬು, ಕಿವಿ, ಮುಖಗಳು ಕಂಪನಿಯ ಸೇವಾ ವ್ಯಾಪ್ತಿಯಲ್ಲಿವೆ. ಬಾಲ ಮತ್ತು ಇತರ ವ್ಯವಹಾರಗಳು ಹೊರಗಿವೆ. ತಮ್ಮ ಈ ಸೂಕ್ಷ್ಮ ವಿವೇಚನೆಯನ್ನು ಎಷ್ಟು ಹೊಗಳಿದರೂ ಸಾಲದು.

ಅಂದಿನಿಂದ ನಾನು ಇಸ್ತ್ರಿ ಮಾಡಿದ ಉಡುಪು ತೊಟ್ಟು, ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು, ಗುಂಡಮ್ಮನ ಮುಖಕ್ಕೆ ಮುಖ ಕೊಟ್ಟು ನಿಂತು ಕ್ಯಾಬ್ ಕರೆಯುತ್ತಿದ್ದೇನೆ. ಆಕೆಯ ಕೊರಳಲ್ಲೂ ಒಂದು ಹಗ್ಗವಿರುವುದರಿಂದ ನಾವಿಬ್ಬರೂ ಸಹೋದ್ಯೋಗಿಗಳಂತೆಯೇ ಕಾಣುತ್ತೇವೆ. ಪಿಕಪ್ ಪಾಯಿಂಟಿಗೆ ಒಂದು ಗುರುತು ಬರೆಯಲೇಬೇಕೆಂದು ಆ್ಯಪ್ ಹಟ ಹಿಡಿದಾಗ ಬೇರೇನೂ ತೋಚದೆ ‘ಎಮ್ಮೆ ಪಕ್ಕ’ ಎಂದು ಬರೆದೆ. ಚಾಲಕ ದೇವರಾಜ್ ಈಗ ದಿನವೂ ಫೋನ್ ಮಾಡಿ, “ಮೇಡಂ, ಎಮ್ಮೆ ಹತ್ರ ಬಂದ್ಬಿಟ್ಟಿದೀನಿ, ಎಮ್ಮೆ ರೆಡಿ ಇದೆ, ನೀವೆಲ್ಲಿದೀರ?” ಎಂದು ಗೌರವದಿಂದ ವಿಚಾರಿಸುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆದು ತಮ್ಮ ನೀಲಿ ನೆಮ್ಮದಿಯನ್ನು ಕಲಕುತ್ತಿರಲಿಲ್ಲ. ಮಾವನವರ ರಂಗೋಲಿಯನ್ನು ಲಕ್ಷ್ಮಯ್ಯನವರು ನೋಡಿದರು, ಅರ್ಥ ಕೇಳಿದರು, ಗಡ್ಡ ಕೆರೆದುಕೊಂಡರು. ಮರುದಿನವೇ ಗೇಟಿಗೆ ‘ಕ್ಯಾಬ್ ಬರುವ ರೂಮು ಬಾಡಿಗೆಗೆ ಕೊಡಲಾಗುವುದು’ ಎಂಬ ಬೋರ್ಡು ಬಿತ್ತು. “ಎಮ್ಮೆ ಎಲ್ಲಾದ್ರೂ ನಿಂತ್ಕತದೆ ಕಣಮ್ಮ, ಇಂಗಿರೋ ಜಾಗ ಸುಮ್ನೆ ಬಿಡಕ್ಕಾಯ್ತದಾ?” ಎಂಬುದು ಅವರ ವಾದ, ಅದರಲ್ಲಿ ತಪ್ಪು ಹುಡುಕುವುದು ನನ್ನಿಂದಾಗಿಲ್ಲ. ಸೋಮವಾರ ಕೊಟ್ಟಿಗೆ ಕೆಡವಿ ಗೋಡೆ ಏಳಿಸುತ್ತಾರಂತೆ. ಗೋಡೆ ಎದ್ದರೆ ತಮ್ಮ ಒಳಗೆ ನನಗೆ ನಿಲ್ಲಲು ಇರುವ ಒಂದೇ ಜಾಗ ಹೋಗುತ್ತದೆ, ಜಾಗ ಹೋದರೆ ಕ್ಯಾಬ್ ಹೋಗುತ್ತದೆ, ಕ್ಯಾಬ್ ಹೋದರೆ ಬೆಳ್ಳಂದೂರಿನ ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗಳ ನಡುವಿಗೆ ನಾವು ಮರಳಬೇಕಾಗುತ್ತದೆ. ತಮಾಷೆ ಬದಿಗಿಟ್ಟು ಹೇಳುತ್ತೇನೆ, ನನಗೆ ಈ ಮನೆ ಬಿಡಲು ಇಷ್ಟವಿಲ್ಲ. ಸುಕೃತಿ ಇಲ್ಲಿ ಬಾಗಿಲಿಂದ ಸೀಬೆ ಮರದವರೆಗೆ ಓಡುತ್ತಾಳೆ, ಬಿದ್ದು ಮಂಡಿ ತರಚಿಕೊಂಡು ಅಳುತ್ತಾಳೆ, ಅತ್ತು ಮುಗಿಸುವ ಮೊದಲೇ ಮತ್ತೆ ಓಡುತ್ತಾಳೆ.

ಆದುದರಿಂದ ತಾವು ದಯವಿಟ್ಟು ಮನೆಯ ಕಡೆಗೆ ನಾಲ್ಕು ಹೆಜ್ಜೆ ಸರಿದು ಕೃಪೆ ಮಾಡಬೇಕು. ತಮಗೆ ಹೆಜ್ಜೆ ಹಾಕಿ ಅಭ್ಯಾಸವಿಲ್ಲದಿದ್ದರೆ ಆ ತುದಿಯನ್ನು ಮಾವನವರೂ ಈ ತುದಿಯನ್ನು ವಿಶ್ರುತ್ ಅವರೂ ಹಿಡಿದು, ಒದ್ದೆ ಸೀರೆ ಒಣಹಾಕುವಂತೆ ಮೆಲ್ಲಗೆ ಎತ್ತಿ ಈಚೆಗೆ ಹಾಕುತ್ತಾರೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಗುಂಡಮ್ಮನನ್ನೇ ಕಂಪನಿಯ ಕಾಯಂ ಉದ್ಯೋಗಿಯನ್ನಾಗಿ ನೇಮಿಸಿ, ನನ್ನನ್ನು ಆಕೆಯ ಅವಲಂಬಿತೆಯೆಂದು ದಾಖಲಿಸಬಹುದು. ಆಕೆ ಸಭೆಗಳಲ್ಲಿ ಬೇರೆಯವರು ಹೇಳಿದ್ದನ್ನೇ ಮೆಲುಕು ಹಾಕುತ್ತಾ ಕೂರುವಷ್ಟು ಅನುಭವ ಉಳ್ಳವಳು, ಮೂಗುದಾರಕ್ಕೆ ಒಗ್ಗಿಕೊಂಡವಳು. ಬಡ್ತಿ ಸಿಗುವುದು ಖಂಡಿತ.

ಸಹಾಯವಾಣಿಗೆ ಕಳಿಸಿದ ನನ್ನ ಹಿಂದಿನ ಮನವಿಗಳಿಗೆಲ್ಲ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದಿದೆ. ಈ ಸಲ ಅದಕ್ಕಿಂತ ಕಡಿಮೆ ಅಮೂಲ್ಯವಾಗಿದ್ದರೂ ಪರವಾಗಿಲ್ಲ, ಸರಿದರೆ ಸಾಕು.

ತಮ್ಮಿಂದ ಕೂಗಳತೆಯ ದೂರದಲ್ಲಿದ್ದೂ ಹೊರಗಿನವಳಾದ
ತಮ್ಮ ವಿಶ್ವಾಸಿ,
ಮಂಜುಶ್ರೀ
ಹುಣಸೇಪಾಳ್ಯ, ಎಮ್ಮೆ ಪಕ್ಕ

ತಾಜಾ ಕಲಂ: ಸಹಿ ಹಾಕಿ ಇನ್ನೂ ಶಾಯಿ ಒಣಗಿರಲಿಲ್ಲ, ಪಿಕಪ್ ಪಾಯಿಂಟ್ ಪರಿಶೀಲನೆಗೆಂದು ಕಂಪನಿಯಿಂದ ಒಬ್ಬರು ಬಂದರು. ಕೊಟ್ಟಿಗೆ ತೆರವಾಗಲೆಂದು ಲಕ್ಷ್ಮಯ್ಯನವರು ಅಂದು ಬೆಳಿಗ್ಗೆಯೇ ಗುಂಡಮ್ಮನನ್ನು ನಮ್ಮ ಬಾಗಿಲೆದುರಿನ ಸೀಬೆ ಮರಕ್ಕೆ ಕಟ್ಟಿದ್ದರು. ದಾಖಲೆಯಲ್ಲಿ ‘ಎಮ್ಮೆ ಪಕ್ಕ’ ಎಂದಿದ್ದುದರಿಂದ ಬಂದವರು ಎಮ್ಮೆಯನ್ನು ಹುಡುಕಿ, ಅದರ ಪಕ್ಕದಲ್ಲಿ ಹೊಸ ಚುಕ್ಕೆ ಇಟ್ಟು ಹೋದರು. ಆ ಚುಕ್ಕೆಯನ್ನು ಒಳಗೆ ಸೇರಿಸಿಕೊಳ್ಳಲು ತಾವು ಒಂದೇ ಒಂದು ದಿನದಲ್ಲಿ ಕೊಟ್ಟಿಗೆಯನ್ನು ಬಿಟ್ಟು ನಮ್ಮ ಹೊಸ್ತಿಲಿಗೆ ಬಂದು ಬಿದ್ದಿದ್ದೀರಿ. ನನ್ನ ಅಷ್ಟೂ ಮನವಿಗಳಿಗೆ ಕದಲದ ತಾವು ಎಮ್ಮೆಯ ಹಿಂದೆ ಹೀಗೆ ಓಡಿಬಂದದ್ದನ್ನು ನಾನು ಯಾರ ಬಳಿಯೂ ಆಡಿಕೊಳ್ಳುವುದಿಲ್ಲ, ಈ ಬಹಿರಂಗ ಪತ್ರದಲ್ಲಿ ಬಿಟ್ಟು. ಆದರೆ ಸುದ್ದಿ ಹೇಗೋ ಹಬ್ಬಿ, ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವ ನಮ್ಮ ಕಂಪನಿಯವರೇ ಕೆಲವರು ಈಗ ಹುಲ್ಲಿನ ಹೊರೆ ಹೊತ್ತು ಗೇಟಿನ ಬಳಿ ನಿಂತಿದ್ದಾರೆ, “ಯಜಮಾನ್ರೇ, ಒಂದ್ವಾರ ನಮ್ಮನೆ ಮುಂದೆ ಕಟ್ಟಿ” ಎಂದು ಲಕ್ಷ್ಮಯ್ಯನವರನ್ನು ಕೇಳುತ್ತಿದ್ದಾರೆ. ಸುಕೃತಿ ಗುಂಡಮ್ಮನ ಕೊರಳು ತಬ್ಬಿಕೊಂಡು, ಬಂದವರಿಗೆಲ್ಲ “ಇದು ನಮ್ಮನೆ ಎಮ್ಮೆ” ಎಂದು ಹೇಳುತ್ತಿದ್ದಾಳೆ. ಮಕ್ಕಳು ಸುಳ್ಳು ಹೇಳಿದರೆ ತಿದ್ದಬೇಕೆಂದು ನನಗೆ ಗೊತ್ತು, ಇವತ್ತು ತಿದ್ದುವುದಿಲ್ಲ.